ಬ್ಲಿಂಪ್ ಸೋತದ್ದು ಬೆಂಕಿಗಲ್ಲ, ಗಾಳಿಗೆ

ಹಿಂಡನ್‌ಬರ್ಗ್ ವಾಯುನೌಕೆ ಹೊತ್ತಿ ಉರಿಯುವ ಚಿತ್ರ ನೋಡಿದವರು ಬ್ಲಿಂಪ್‌ಗಳ, ಅಂದರೆ ಹಗುರ ಅನಿಲ ತುಂಬಿದ ಚೀಲವನ್ನು ಎಂಜಿನ್ನಿನಿಂದ ಓಡಿಸುವ ವಾಯುನೌಕೆಗಳ, ಕಾಲ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ 36 ಜನರ ಜೀವ ತೆಗೆದದ್ದು ಬ್ಲಿಂಪ್ ಅಲ್ಲ, ಒಳಗೆ ಲೋಹದ ಹಂದರವಿದ್ದ ಝೆಪ್ಪೆಲಿನ್. ಬ್ಲಿಂಪಿಗೆ ಹಂದರವೇ ಇಲ್ಲ. ಅನಿಲ ಬಿಟ್ಟರೆ ಉಳಿಯುವುದು ರಬ್ಬರ್ ಲೇಪದ ಬಟ್ಟೆಯ ರಾಶಿ, ಕೆಳಗೊಂದು ಗೊಂಡೋಲಾ, ಅಂದರೆ ಜನ ಕೂರುವ ಕೋಣೆ.

ಹಾಗಾದರೆ ಆಕಾರ ನಿಲ್ಲುವುದು ಹೇಗೆ? ಒತ್ತಡದಿಂದ, ಅದೂ ತೀರ ಅಲ್ಪ ಒತ್ತಡದಿಂದ. ಹೊರಗಿನ ಗಾಳಿಗಿಂತ ಒಳಗೆ ಹೆಚ್ಚಿರುವುದು ಸುಮಾರು 50 ಮಿಲಿಮೀಟರ್ ನೀರಿನ ಮಟ್ಟದಷ್ಟು ಮಾತ್ರ. ಸೈಕಲ್ ಟಯರ್‌ನಲ್ಲಿ ಇದರ ನೂರಾರು ಪಟ್ಟು ಇರುತ್ತದೆ. ಆದ್ದರಿಂದಲೇ ಗುಂಡು ತಾಗಿದರೂ ಬ್ಲಿಂಪ್ ಸಿಡಿಯುವುದಿಲ್ಲ, ನಿಧಾನವಾಗಿ ಸೋರುತ್ತದೆ. ಆದರೆ ವೇಗ ಹೆಚ್ಚಿದರೆ ಎದುರುಗಾಳಿ ಮೂತಿಯನ್ನು ಒಳಕ್ಕೆ ತಳ್ಳುತ್ತದೆ. ಅದಕ್ಕೇ ಮೂತಿಯ ಸುತ್ತ ಗಟ್ಟಿ ಪಟ್ಟಿಗಳನ್ನು ಕೂರಿಸುತ್ತಾರೆ. ಗೊಂಡೋಲಾದ ಭಾರವನ್ನು ಕೆಳಗಿನ ಬಟ್ಟೆ ಹೊರುವುದಿಲ್ಲ; ಚೀಲದ ಒಳಗಿನ ಮೇಲ್ಭಾಗಕ್ಕೆ ಹೊಲಿದ ಪರದೆಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಹೊರುತ್ತವೆ.

ಇಡೀ ಯಂತ್ರದ ಜಾಣತನ ಇರುವುದು ಬ್ಯಾಲೊನೆಟ್‌ನಲ್ಲಿ. ಹೀಲಿಯಂ ಚೀಲದೊಳಗೆ ಮುಂದೊಂದು, ಹಿಂದೊಂದು ಬರೀ ಗಾಳಿಯ ಚೀಲ. ಪ್ರತಿ ಸಾವಿರ ಮೀಟರ್ ಏರಿದಾಗ ಹೀಲಿಯಂ ಹತ್ತಿರಹತ್ತಿರ ಶೇ. 10ರಷ್ಟು ಉಬ್ಬುತ್ತದೆ. ಆಗ ಬ್ಯಾಲೊನೆಟ್‌ನ ಗಾಳಿ ಹೊರಬಿಟ್ಟು ಜಾಗ ಮಾಡಿಕೊಡಬೇಕು. ಇಳಿಯುವಾಗ ಪ್ರೊಪೆಲ್ಲರ್ ಹಿಂದಿನ ಕೊಳವೆಗಳಿಂದ ಮತ್ತೆ ತುಂಬಬೇಕು. ಮುಂದಿನದಕ್ಕೆ ಹೆಚ್ಚು ತುಂಬಿದರೆ ಮೂತಿ ಬಾಗುತ್ತದೆ. ಎರಡೂ ಬರಿದಾದ ಎತ್ತರವೇ ಗಡಿ. ಅದರಾಚೆ ದುಬಾರಿ ಹೀಲಿಯಂ ಅನ್ನೇ ಬಿಡಬೇಕಾಗುತ್ತದೆ. ಫ್ರಾನ್ಸಿನ ಮ್ಯೂನಿಯೆ ಇದನ್ನು ಸೂಚಿಸಿದ್ದು 1780ರ ದಶಕದಲ್ಲಿ, ಹಾರಾಟಕ್ಕೆ ತಕ್ಕ ಎಂಜಿನ್ನೇ ಇಲ್ಲದ ಕಾಲದಲ್ಲಿ!

ಹುಬ್ಬಳ್ಳಿಯ ಲೆಕ್ಕ ಹಾಕೋಣ. ಗುಡ್‌ಇಯರ್ ಕಂಪನಿಯ ಹಳೆಯ ಜಾಹೀರಾತು ಬ್ಲಿಂಪ್ 58 ಮೀಟರ್ ಉದ್ದ, ಸುಮಾರು 5,700 ಘನ ಮೀಟರ್ ಗಾತ್ರದ್ದು, ಪೈಲಟ್ ಸೇರಿ ಏಳು ಜನಕ್ಕೆ ಜಾಗ. ಬ್ಯಾಲೊನೆಟ್‌ಗೆ ಶೇ. 10 ಬಿಟ್ಟು ಹೀಲಿಯಂ ತುಂಬಿದರೆ, ಸಮುದ್ರಮಟ್ಟದಲ್ಲಿ 15 ಡಿಗ್ರಿಯಲ್ಲಿ ಘನ ಮೀಟರಿಗೆ 1.05 ಕಿಲೋದಂತೆ 5.4 ಟನ್ ಎತ್ತುತ್ತದೆ. ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು ಸುಮಾರು 660 ಮೀಟರ್ ಎತ್ತರದಲ್ಲಿ. ಏಪ್ರಿಲ್‌ನ 35 ಡಿಗ್ರಿಯಲ್ಲಿ ಅಲ್ಲಿ ಘನ ಮೀಟರಿಗೆ ಸಿಗುವುದು 0.91 ಕಿಲೋ, ಒಟ್ಟು 4.7 ಟನ್. ಅಂದರೆ ಏಳೂ ಜನರ ತೂಕಕ್ಕಿಂತ ಹೆಚ್ಚು ನಷ್ಟ. ಸಾಲದ್ದಕ್ಕೆ ಬಿಸಿಲಿಗೆ ಅನಿಲ ಹೊರಗಿಗಿಂತ 10 ಡಿಗ್ರಿ ಹೆಚ್ಚು ಕಾದರೆ ನೂರೈವತ್ತು ಕಿಲೋಗೂ ಮೀರಿ ಹಗುರಾಗುತ್ತದೆ. ಮೋಡ ಬಂದರೆ ಆ ಭಾರ ತಕ್ಷಣ ವಾಪಸ್.

ಇನ್ನು ಇತಿಹಾಸ. 1852ರಲ್ಲಿ ಫ್ರಾನ್ಸಿನ ಝಿಫಾರ್ ಅನಿಲಚೀಲಕ್ಕೆ ಮೂರು ಅಶ್ವಶಕ್ತಿಯ ಉಗಿಯಂತ್ರ ಕಟ್ಟಿಕೊಂಡು ಪ್ಯಾರಿಸ್‌ನಿಂದ 27 ಕಿಲೋಮೀಟರ್ ಹಾರಿದ, ಗಾಳಿಗೆದುರಾಗಿ ಮರಳಲಾಗಲಿಲ್ಲ. ಹೊರಟಲ್ಲಿಗೇ ಬಂದಿಳಿದದ್ದು 1884ರ 'ಲಾ ಫ್ರಾನ್ಸ್' ವಾಯುನೌಕೆ, ಬ್ಯಾಟರಿ ಬಲದಿಂದ. 1915ರಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟಕ್ಕೆ ಬ್ರಿಟಿಷರು ಅನಿಲಚೀಲದ ಕೆಳಗೆ ವಿಮಾನದ ಒಡಲನ್ನೇ ತೂಗುಹಾಕಿ ಕಾವಲಿಗೆ ಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಅದನ್ನೇ ದೊಡ್ಡದಾಗಿ ಮಾಡಿತು. ಹಿಂಡನ್‌ಬರ್ಗ್ ಸುಟ್ಟು ಇಪ್ಪತ್ತು ವರ್ಷಗಳ ಮೇಲೆ, 1957ರಲ್ಲಿ, ಆ ನೌಕಾಪಡೆಯ 'ಸ್ನೋ ಬರ್ಡ್' ಬ್ಲಿಂಪ್ ಇಂಧನ ತುಂಬಿಸದೆ 264 ಗಂಟೆ ಹಾರಿತು. 1962ರಲ್ಲಿ ಆ ಪಡೆಯೂ ಬ್ಲಿಂಪ್ ಕೈಬಿಟ್ಟಿತು. ವಿಮಾನಗಳು, ರಾಡಾರ್‌ಗಳು ಅಷ್ಟು ಮುಂದುವರಿದಿದ್ದವು.

ಉಳಿದದ್ದು ಗಾಳಿಯ ಸಮಸ್ಯೆ. ಗಂಟೆಗೆ 55 ಕಿಲೋಮೀಟರ್ ಓಡುವ ಬ್ಲಿಂಪಿಗೆ 40ರ ಎದುರುಗಾಳಿ ಸಿಕ್ಕರೆ ನಿವ್ವಳ 15. ವೇಗ ದುಪ್ಪಟ್ಟಾಗಲು ಎಂಟು ಪಟ್ಟು ಶಕ್ತಿ ಬೇಕು. ಹಾರಾಟಕ್ಕಿಂತ ಕಷ್ಟ ನೆಲದ ಮೇಲೆ: ಕಂಬಕ್ಕೆ ಮೂತಿ ಕಟ್ಟಿದ ಬ್ಲಿಂಪ್ ಗಾಳಿ ಬಂದತ್ತ ತಿರುಗುತ್ತಲೇ ಇರುತ್ತದೆ, ಸುತ್ತ 70 ಮೀಟರ್ ಬಯಲು ಖಾಲಿ ಇರಬೇಕು, ಹಗ್ಗ ಹಿಡಿಯಲು ಹನ್ನೆರಡು-ಹದಿನೈದು ಜನ ಬೇಕು. ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಸುಗ್ಗಿಯಾಗುವ ಮುಂಗಾರಿನಲ್ಲಿ ಗದಗಿನ ಮೇಲೆ ಇದನ್ನು ಹಾರಿಸುವ ಮಾತೇ ಬೇಡ. ಡಿಸೆಂಬರ್‌ನ ತಂಪು ಬೆಳಗು, ಬಿಸಿಲೇರುವ ಮುನ್ನ: ಹುಬ್ಬಳ್ಳಿ-ಧಾರವಾಡದಲ್ಲಿ ಬ್ಲಿಂಪಿಗೆ ಒದಗುವ ಹೊತ್ತು ಅದೊಂದೇ.