ತಿಂಡಿ ಡಬ್ಬಕ್ಕೆ ಬೀಗ ಹಾಕಿದರೆ ಸರಿಹೋಗುತ್ತಾ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಎಲ್ಲರೂ ಮಲಗಿದ ಮೇಲೆ ಎದ್ದು ಕದ್ದು ತಿನ್ನುತ್ತಾಳೆ. ಮೊನ್ನೆ ಹಾಸಿಗೆ ಕೆಳಗೆ ಬಿಸ್ಕತ್ ಕವರ್‌ಗಳು ಸಿಕ್ಕವು. ಬೈದರೆ ಅಳುತ್ತಾಳೆ, ಎರಡು ದಿನ ಬಿಟ್ಟು ಮತ್ತೆ ಅದೇ. ಡಬ್ಬಕ್ಕೆ ಬೀಗ ಹಾಕಲಾ?
– ಒಬ್ಬ ತಾಯಿ, ತುಮಕೂರು

ಬೀಗ ಬೇಡಮ್ಮ. ಬೀಗ ಬಿದ್ದರೆ ಅಂಗಡಿಯಿಂದ ತರುತ್ತಾಳೆ, ಕವರ್ ಇನ್ನೂ ಹುಷಾರಾಗಿ ಬಚ್ಚಿಡುತ್ತಾಳೆ, ಅಷ್ಟೇ.

ಬೆಳೆಯುವ ವಯಸ್ಸಲ್ಲಿ ಹಸಿವು ಜಾಸ್ತಿನೇ. ಹಬ್ಬಕ್ಕೆ ಎರಡು ಒಬ್ಬಟ್ಟು ಹೆಚ್ಚಿಗೆ ತಿಂದರೆ ಅದು ಕಾಯಿಲೆಯಲ್ಲ. ಹಸಿವಿಲ್ಲದಿದ್ದರೂ ಗಬಗಬ ತಿನ್ನುವುದು, ನಿಲ್ಲಿಸೋಕೇ ಆಗದಿರುವುದು, ಆಮೇಲೆ ನಾಚಿಕೆ, ಬೇಸರ. ವಾರಕ್ಕೊಮ್ಮೆಯಾದರೂ ಹೀಗೆ ಮೂರು ತಿಂಗಳು ನಡೆದರೆ ವೈದ್ಯರು ಬಿಂಜ್ ಈಟಿಂಗ್ ಕಾಯಿಲೆ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು. ಹಾಗಂತ ಮೂರು ತಿಂಗಳು ಎಣಿಸುತ್ತಾ ಕೂರಬೇಡಿ.

ಬೆಳಗ್ಗೆ ಏನು ತಿಂದು ಹೋಗುತ್ತಾಳೆ, ಗಮನಿಸಿದ್ದೀರಾ? ದಪ್ಪ ಆಗ್ತೀನಿ ಅಂತ ತಿಂಡಿ ಬಿಟ್ಟು, ಮಧ್ಯಾಹ್ನದ ಬಾಕ್ಸ್ ಅರ್ಧ ವಾಪಸ್ ತರುವ ಮಕ್ಕಳಿದ್ದಾರೆ. ಹಗಲೆಲ್ಲ ಕಾಯಿಸಿದ ಹೊಟ್ಟೆ ರಾತ್ರಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಹಾಗಾಗಿ ಮೂರು ಹೊತ್ತು ಊಟ ತಪ್ಪಬಾರದು. ಟ್ಯೂಷನ್‌ಗೆ ಹೋಗುವ ಮುಂಚೆ ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು, ಏನಾದರೂ ಕೊಡಿ. ಮನೆಯವರಿಗೆಲ್ಲ ಮುದ್ದೆ ಸಾರು, ಅವಳಿಗೊಬ್ಬಳಿಗೆ ಸೌತೆಕಾಯಿ ಅನ್ನೋದು ಮಾತ್ರ ಬೇಡ. ಎಲ್ಲರಿಗೂ ಒಂದೇ ಅಡುಗೆ, ಆದಷ್ಟೂ ಒಟ್ಟಿಗೆ ಕೂತು.

ಕಷ್ಟದ ಕೆಲಸ ಅಡುಗೆಮನೆಯದಲ್ಲ, ಬಾಯಿಯದು. 'ಏನೇ ಹಿಂಗೆ ಊದ್ಕೊಂಡಿದೀಯ' ಅಂತ ಸೋದರತ್ತೆ ನಗುತ್ತಲೇ ಅನ್ನುತ್ತಾರೆ. ಆ ಮಾತು ರಾತ್ರಿ ಡಬ್ಬದ ತನಕ ಬರುತ್ತೆ. ಅವರನ್ನು ಪಕ್ಕಕ್ಕೆ ಕರೆದು, ತೂಕದ ಮಾತೆತ್ತಬೇಡಿ ಅಂತ ನೀವೇ ಹೇಳಬೇಕು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಇನ್ನೊಂದು ಸಲ ಕವರ್ ಸಿಕ್ಕರೆ ಸಾಕ್ಷಿ ಥರ ಎತ್ತಿ ತೋರಿಸಬೇಡಿ. ಅವಳ ಪಕ್ಕ ಸುಮ್ನೆ ಕೂತು, 'ರಾತ್ರಿ ಹಂಗನ್ನಿಸಿದಾಗ ನನ್ನ ಎಬ್ಬಿಸು ಪುಟ್ಟಾ' ಅನ್ನಿ. ಎಬ್ಬಿಸಿದ ದಿನ ಬೈಯಬೇಡಿ, ಅಲ್ವಾ?

ಇಷ್ಟಾದರೂ ತಗ್ಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಮಾತಿನ ಚಿಕಿತ್ಸೆಯಿಂದಲೇ ಎಷ್ಟೋ ಜನಕ್ಕೆ ಅನುಕೂಲ ಆಗುತ್ತದೆ. ಅದಕ್ಕೂ ಮುಂಚೆ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಖರ್ಚಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದರೆ, ಇಲ್ಲವೇ ಬದುಕೇ ಬೇಡ ಎನ್ನುವಂಥ ಮಾತು ಬಂದರೆ ಮಾತ್ರ ತಡ ಮಾಡದೆ ಅವತ್ತೇ ಕರೆದುಕೊಂಡು ಹೋಗಿ.