ಪದ ಪರಿಚಯ: ಅಲೆಗರಿ

ರಾಜನ ಪಕ್ಕ ಒಂದು ಸಿಂಹ ಕೂತಿದ್ದರೆ ಸಾಕು, ‘ಇದೊಂದು ಅಲೆಗರಿ’ ಅಂತ ಬರೆದುಬಿಡುತ್ತಾರೆ. ಮೊನ್ನೆ ಬರೋಕ್ (17ನೇ ಶತಮಾನದ ಯುರೋಪಿನ ಆಡಂಬರದ ಶೈಲಿ) ಚಿತ್ರಗಳ ಬಗ್ಗೆ ಓದಿದ ಬರಹದಲ್ಲಂತೂ ಕಿರೀಟ ಅಲೆಗರಿ, ಹದ್ದು ಅಲೆಗರಿ, ಮೋಡ ಕೂಡ ಅಲೆಗರಿ! ಅವನ್ನೆಲ್ಲ ಸಂಕೇತ ಅನ್ನಿ, ಸಾಕು.

ಅಲೆಗರಿ ಬಂದದ್ದು ಗ್ರೀಕ್‌ನಿಂದ. ಅಲ್ಲಿ ‘ಅಲ್ಲೊಸ್’ ಅಂದರೆ ಬೇರೆ. ಇದಕ್ಕೆ ಸೇರಿಕೊಂಡಿರುವುದು ಮಾತಾಡು ಎಂಬ ಪದ. ಅದೂ ಮನೆಯೊಳಗಿನ ಮಾತಲ್ಲ, ‘ಅಗೊರಾ’ದ ಮಾತು. ಅಂದರೆ ಊರ ಜನ ಸೇರುವ ಬಯಲಿನಲ್ಲಿ ಎಲ್ಲರ ಮುಂದೆ ಆಡುವ ಮಾತು. ಒಂದನ್ನು ಹೇಳಿ ಇನ್ನೊಂದನ್ನು ತಿಳಿಸುವುದು. ನಮ್ಮ ‘ಅನ್ಯೋಕ್ತಿ’ಯನ್ನು ಬಿಡಿಸಿದರೂ ಇದೇ ಸಿಗುತ್ತದೆ, ಅಲ್ವಾ? ಆದರೆ ಕೆಲಸ ಬೇರೆ. ಅನ್ಯೋಕ್ತಿ ಮಗಳನ್ನು ಬೈದು ಸೊಸೆಗೆ ಮುಟ್ಟಿಸುವ ಜಾಣತನ. ಅಲ್ಲಿ ಸೊಸೆಯ ಹೆಸರೇ ಬರುವುದಿಲ್ಲ. ಬರೋಕ್ ಚಿತ್ರದಲ್ಲಿ ರಾಜ ತನ್ನದೇ ಮುಖ ಹೊತ್ತು ನಟ್ಟನಡುವೆ ಇರುತ್ತಾನೆ. ವೇಷ ಹಾಕಿಕೊಂಡು ಬರುವವರು ಸುತ್ತಲಿನ ನ್ಯಾಯ, ಕೀರ್ತಿ, ದೇಶ. ಹೋಗಲಿ, ‘ರೂಪಕ’ ಅನ್ನೋಣವೇ? ಆ ಪದ ಆಗಲೇ ಅಲಂಕಾರದಲ್ಲಿ ದುಡಿಯುತ್ತಿದೆ, ನಾಟಕದಲ್ಲಿ ದುಡಿಯುತ್ತಿದೆ, ಆಕಾಶವಾಣಿಯಲ್ಲೂ ದುಡಿದಿದೆ. ಪಾಪ, ಅದನ್ನು ಬಿಡಿ.

ಸಂಕೇತ ಒಂದು ಪದ ಇದ್ದ ಹಾಗೆ. ಅಲೆಗರಿ ಇಡೀ ವಾಕ್ಯ, ಅದಕ್ಕೆ ಕ್ರಿಯಾಪದ ಬೇಕು. 1600ರಲ್ಲಿ ಮಾರಿ ದ ಮೆಡಿಚಿ ಫ್ರಾನ್ಸಿನ ರಾಣಿಯಾಗಿ ಮಾರ್ಸೇಯ್ ಬಂದರಿನಲ್ಲಿ ಹಡಗಿನಿಂದ ಇಳಿದಳು. ನಡೆದದ್ದು ಇಷ್ಟೇ. ಬರೋಕ್ ಚಿತ್ರಕಾರ ರೂಬೆನ್ಸ್ ಬರೆದ ಚಿತ್ರದಲ್ಲಿ ಫ್ರಾನ್ಸ್ ದೇಶವೇ ನೀಲಿ ನಿಲುವಂಗಿ ತೊಟ್ಟು ಎದುರುಗೊಳ್ಳುತ್ತದೆ. ಆಕಾಶದಲ್ಲಿ ಕೀರ್ತಿ ಕಹಳೆ ಊದುತ್ತಾಳೆ. ಕೆಳಗೆ ಸಮುದ್ರದ ದೇವರೇ ನೀರಿನಿಂದ ಎದ್ದಿದ್ದಾನೆ. ಎಲ್ಲ ಸೇರಿಸಿ ಓದಿ: ಈಕೆ ಬಂದದ್ದು ದೇಶಕ್ಕೂ ಬೇಕಿತ್ತು, ದೇವರಿಗೂ ಬೇಕಿತ್ತು. ಈ ಸರಣಿಯ 24 ಚಿತ್ರಗಳನ್ನು ಬರೆಸಿದ್ದು ಯಾರು ಅಂತೀರಾ? ಆಕೆಯೇ.

ಲಂಡನ್ನಿನ ಬ್ಯಾಂಕ್ವೆಟಿಂಗ್ ಹೌಸ್‌ನ ಚಾವಣಿಯೂ ರೂಬೆನ್ಸ್‌ನದೇ. 1636ರಲ್ಲಿ ಕೂರಿಸಿದ್ದು. ತೀರಿಹೋದ ಇಂಗ್ಲೆಂಡಿನ ಜೇಮ್ಸ್ ದೊರೆಯನ್ನು ನ್ಯಾಯದೇವತೆ ತೋಳು ಹಿಡಿದು ಸ್ವರ್ಗಕ್ಕೆ ಎತ್ತುತ್ತಿದ್ದಾಳೆ, ಕಾಲಡಿಯಲ್ಲಿ ಹದ್ದು. ಹದ್ದು ಸಂಕೇತ. ಎತ್ತುತ್ತಿರುವುದು ಅಲೆಗರಿ. (ಇದನ್ನು ಬರೆಸಿದ ಮಗ ಚಾರ್ಲ್ಸ್‌ನ ತಲೆ ಕಡಿದದ್ದು ಇದೇ ಕಟ್ಟಡದ ಮುಂದೆ, 1649ರಲ್ಲಿ. ಹಕ್ಕಿಯನ್ನು ನಂಬಿ ಕೂತರೆ ಹೀಗೇ.)

ಇದೇ ಜೇಮ್ಸ್ ಅದಕ್ಕೂ ಮೊದಲು ಮೊಗಲ್ ಚಿತ್ರಕಾರ ಬಿಚಿತ್ರನ ಕೈಗೆ ಸಿಕ್ಕಿದ್ದ. ಅದು ಬರೋಕ್ ಅಲ್ಲ, ಆದರೆ ಪಕ್ಕಾ ಅಲೆಗರಿ. ಜಹಾಂಗೀರ್ ಮರಳು ಗಡಿಯಾರದ ಮೇಲೆ ಕೂತು ಒಬ್ಬ ಸೂಫಿ ಶೇಖ್‌ಗೆ ಪುಸ್ತಕ ಕೊಡುತ್ತಿದ್ದಾನೆ. ಆಮೇಲೆ ಸರದಿಯಲ್ಲಿ ತುರ್ಕಿ ಸುಲ್ತಾನ, ಅವನ ಕೆಳಗೆ ಜೇಮ್ಸ್. ಜೇಮ್ಸ್‌ನ ಕೆಳಗೆ ಉಳಿದಿರುವುದು ಚಿತ್ರ ಬರೆದವನೊಬ್ಬನೇ.