ಪಕ್ಕದ ಮನೆಯ ಜನರೇಟರ್ ‘ಸೈಲೆಂಟ್’ ಅಂತೆ, ನಿದ್ದೆ ಮಾತ್ರ ನಮ್ಮದು ಹೋಗುತ್ತಿದೆ

ಪ್ರಶ್ನೆ: ಬೆಂಗಳೂರಿನ ಬಡಾವಣೆಯೊಂದರಲ್ಲಿ ನಮ್ಮದು 30–40ರ ಸೈಟಿನ ಮನೆ. ಕರೆಂಟ್ ಹೋದ ಕೂಡಲೇ ಪಕ್ಕದವರು ಡೀಸೆಲ್ ಜನರೇಟರ್ ಹಾಕುತ್ತಾರೆ. ಅದು ನಮ್ಮ ಮಲಗುವ ಕೋಣೆಯ ಕಿಟಕಿಗೆ ಹದಿಮೂರು ಅಡಿ ದೂರದಲ್ಲಿದೆ. ಕೇಳಿದರೆ, ‘ಇದು ನಿಯಮದ ಪ್ರಕಾರ ತಯಾರಾದ ಸೈಲೆಂಟ್ ಮಾಡೆಲ್’ ಎನ್ನುತ್ತಾರೆ. ನಾವು ಸಹಿಸಿಕೊಳ್ಳಲೇಬೇಕೇ?

ಉತ್ತರ: ಬೇಕಿಲ್ಲ. ಆದರೆ ನಿಮ್ಮ ನೆರೆಯವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಯಂತ್ರಕ್ಕೆ ಒಂದು ನಿಯಮ, ಅದು ನಿಂತ ಜಾಗಕ್ಕೆ ಇನ್ನೊಂದು ನಿಯಮ. ಅವರು ಮೊದಲನೆಯದನ್ನು ಹೇಳುತ್ತಿದ್ದಾರೆ, ನಿಮಗೆ ಬೇಕಾದದ್ದು ಎರಡನೆಯದು.

2005ರ ಜನವರಿಯಿಂದ ತಯಾರಾದ, 1000 ಕೆವಿಎ ಸಾಮರ್ಥ್ಯದವರೆಗಿನ ಡೀಸೆಲ್ ಜನರೇಟರಿನ ಸದ್ದು ಅದರ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು. ‘ಸೈಲೆಂಟ್’ ಎಂಬ ಬಿರುದಿನ ಅರ್ಥ ಇಷ್ಟೇ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹದಿಮೂರು ಅಡಿ ಎಂದರೆ ನಾಲ್ಕು ಮೀಟರ್. ಅಂದರೆ ನಿಮ್ಮ ಕಿಟಕಿಗೆ ಬರುವುದು 63ರ ಆಸುಪಾಸು. ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಅಷ್ಟೂ ಇಳಿಯುವುದಿಲ್ಲ, ಸದ್ದು ಗೋಡೆಯಿಂದ ಗೋಡೆಗೆ ಬಡಿದು ವಾಪಸ್ ಬರುತ್ತದೆ.

ಇನ್ನು ಜಾಗದ ನಿಯಮ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಮಿತಿಯನ್ನು 10 ಅಥವಾ ಅದಕ್ಕಿಂತ ಹೆಚ್ಚು ಡೆಸಿಬೆಲ್ ಮೀರಿದರೆ ದೂರು ಕೊಡಬಹುದು. ಈ ಅಂಕಿಗಳು ಕ್ಷಣದ ಅಳತೆಯಲ್ಲ, ಆ ಅವಧಿಯ ಸರಾಸರಿ. ಹಾಗಾಗಿ ಮಧ್ಯಾಹ್ನ ಹತ್ತು ನಿಮಿಷ ಓಡಿದ್ದಕ್ಕೆ ದೂರು ನಿಲ್ಲುವುದು ಕಷ್ಟ. ಮಧ್ಯರಾತ್ರಿ ಮೂರು ಗಂಟೆ ಓಡಿದರೆ ಮಾತೇ ಬೇರೆ.

ಹಿಂದೆ ನಾವಿದ್ದ ಬಾಡಿಗೆ ಮನೆಯಲ್ಲಿ ಇದೇ ಕಾಟವಿತ್ತು. ಪಕ್ಕದ ಜನರೇಟರ್ ಶುರುವಾದರೆ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಎರಡು ಸಲ ಜಗಳವಾಯಿತು, ಪ್ರಯೋಜನವಾಗಲಿಲ್ಲ. ಮೂರನೆಯ ಸಲ ನಮ್ಮತ್ತೆ ಆ ಮನೆಯ ಯಜಮಾನರನ್ನು ಕಾಫಿಗೆ ಕರೆದರು. ಕರೆದದ್ದು ಕರೆಂಟ್ ಹೋದ ಹೊತ್ತಿಗೇ! ಕಾಲು ಗಂಟೆ ಲೋಟಗಳ ಸಂಗೀತ ಕೇಳಿದ ಅವರು ತಾವಾಗಿಯೇ ಎದ್ದು ಹೋಗಿ ನೋಡಿದರು. ಯಂತ್ರ ಕೂತಿದ್ದ ಕಾಂಕ್ರೀಟ್ ಹಾಸು ಎರಡೂ ಮನೆಗಳ ನಡುವಿನ ಕಾಂಪೌಂಡಿಗೆ ಅಂಟಿಕೊಂಡಿತ್ತು. ಹಾಸು ಬಿಡಿಸಿ, ಕೆಳಗೆ ರಬ್ಬರ್ ಪ್ಯಾಡ್ ಕೊಟ್ಟು, ಯಂತ್ರವನ್ನು ರಸ್ತೆಯ ಕಡೆಗೆ ಸರಿಸಿದರು. ಸದ್ದು ಉಳಿಯಿತು, ಆದರೆ ಲೋಟಗಳು ಸುಮ್ಮನಾದವು.

ನೀವೂ ಮೊದಲು ಜಾಗ ಬದಲಿಸಲು ಕೇಳಿ, ನಿಲ್ಲಿಸಲು ಅಲ್ಲ. ರಾತ್ರಿ ಫ್ಯಾನು, ದೀಪಗಳಿಗೆ ಯುಪಿಎಸ್ ಸಾಕು, ಜನರೇಟರನ್ನು ಮೋಟಾರಿಗೆ ಇಟ್ಟುಕೊಳ್ಳಿ ಎಂದೂ ಹೇಳಬಹುದು. ಶೀಟು ಬಡಿದು ಯಂತ್ರವನ್ನು ಮುಚ್ಚಿಬಿಡಿ ಎಂದು ಮಾತ್ರ ಹೇಳಬೇಡಿ. ಗಾಳಿಯಾಡದೆ ಅದು ಕಾಯುತ್ತದೆ. ಹೊಗೆ ಕೊಳವೆ ನಿಮ್ಮ ಕಿಟಕಿಯತ್ತ ತಿರುಗಿದ್ದರೆ ಸದ್ದಿಗಿಂತ ಮೊದಲು ಅದರ ಮಾತಾಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ.

ಒಪ್ಪದಿದ್ದರೆ, ಎರಡು ವಾರ ಡೈರಿ ಬರೆದಿಡಿ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ. ಮೊಬೈಲ್ ಆ್ಯಪಿನ ಅಳತೆ ನಿಮ್ಮ ಅಂದಾಜಿಗಷ್ಟೇ, ಸಾಕ್ಷಿಗಲ್ಲ. ರಾತ್ರಿಯ ಹೊತ್ತು 112ಕ್ಕೆ ಕರೆ ಮಾಡಬಹುದು. ಲಿಖಿತ ದೂರನ್ನು ಪೊಲೀಸರಿಗೆ ಕೊಟ್ಟು, ಅದರ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳುಹಿಸಿ, ಅಳತೆ ಮಾಡಿಸಲು ಕೋರಿ. ಎರಡೂ ಕಡೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಬೀದಿಯ ನಾಲ್ಕಾರು ಮನೆಗಳಿಗೂ ತೊಂದರೆಯಿದ್ದರೆ ಎಲ್ಲರೂ ಸಹಿ ಹಾಕಿ. ಆಗ ಅದು ಸಾರ್ವಜನಿಕ ಉಪದ್ರವವಾಗುತ್ತದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿ ಅದನ್ನು ತೆರವು ಮಾಡಲು ಆದೇಶಿಸಬಹುದು. ನಿಮ್ಮೊಬ್ಬರದೇ ತೊಂದರೆಯಾದರೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಬೇಕು. ವಕೀಲರು ಮೊದಲು ಕೇಳುವುದು ಆ ಡೈರಿಯನ್ನೇ.